ಕಥೆ ಮುಂದೆ, ಸರಕು ಹಿಂದೆ

ಮಕ್ಕಳಿಗೆ ಕಥೆ ಹೇಳುವುದು ಖರ್ಚಿಲ್ಲದ ಕೆಲಸವೆಂದು ನಾವೆಲ್ಲ ನಂಬಿದ್ದೇವೆ. ಅಜ್ಜಿಯ ಮಟ್ಟಿಗೆ ಅದು ನಿಜವೂ ಹೌದು. ಆದರೆ ಕಥೆ ಮನೆಯ ಹೊಸಿಲನ್ನು ದಾಟಿ ಊರ ಬಯಲಿಗೆ ಬಂದ ಕೂಡಲೆ ಅದಕ್ಕೆ ಎಣ್ಣೆ ಬೇಕು, ಬತ್ತಿ ಬೇಕು, ಹೇಳುವವನ ಹೊಟ್ಟೆಗೆ ಹಿಟ್ಟು ಬೇಕು. ಆ ವೆಚ್ಚವನ್ನು ಹೊರುವವರು ಯಾರು ಎಂಬ ಪ್ರಶ್ನೆ ಅಂದಿನಿಂದ ಇಂದಿನವರೆಗೂ ಕಥೆಯ ಬೆನ್ನಿಗೇ ಬಂದಿದೆ. ಈಗ ನಮ್ಮ ಮಕ್ಕಳು ಕಥೆಯನ್ನು ಕೇಳುವುದಕ್ಕಿಂತ ನೋಡುವುದೇ ಹೆಚ್ಚು. ದೂರದರ್ಶನದ ಪರದೆಯ ಮೇಲೆ, ಅಂಗೈಯ ಫೋನಿನ ಮೇಲೆ, ಕುಣಿದಾಡುವ ಬಣ್ಣದ ಚಿತ್ರಗಳ ರೂಪದಲ್ಲಿ ಅದು ಅವರನ್ನು ತಲಪುತ್ತಿದೆ. ಈ ಚಿತ್ರಮಾಲಿಕೆಗಳಿಗೆ ಬಂಡವಾಳ ಎಲ್ಲಿಂದ ಬರುತ್ತದೆ, ಹಾಕಿದ ಹಣ ಹೇಗೆ ಮರಳುತ್ತದೆ ಎಂಬುದನ್ನು ಸಾಹಿತ್ಯದ ಪುಟದಲ್ಲಿ ಚರ್ಚಿಸುವುದು ಅಪ್ರಸ್ತುತವೆಂದು ಕೆಲವರಿಗೆ ತೋರಬಹುದು. ಕನ್ನಡದ ಪಾಠ ಹೇಳಿ ಜೀವಿಸುವ ನನಗೆ ಹಾಗೆ ತೋರುವುದಿಲ್ಲ. ನಾಳಿನ ಓದುಗನ ಮೊದಲ ಪಾಠ ಇಂದು ಅಲ್ಲಿ ನಡೆಯುತ್ತಿದೆ. ಆ ಪಾಠಕ್ಕೆ ಸಂಬಳ ಕೊಡುವವನೇ ಪಠ್ಯವನ್ನೂ ಗೊತ್ತುಮಾಡುತ್ತಾನೆ.

ಮೊಳಕಾಲ್ಮೂರು ತಾಲ್ಲೂಕಿನ ನಮ್ಮ ದೇವಸಮುದ್ರದ ಸೀಮೆಗೆ ಕುಣಿಯುವ ಚಿತ್ರ ಹೊಸದೇನೂ ಅಲ್ಲ. ಚಿತ್ರದುರ್ಗ, ಬಳ್ಳಾರಿ, ಅನಂತಪುರಗಳ ಈ ಬಯಲಿನಲ್ಲಿ ಕಿಳ್ಳೇಕ್ಯಾತರು ತಲೆಮಾರುಗಳಿಂದ ತೊಗಲು ಬೊಂಬೆಗಳನ್ನು ಆಡಿಸುತ್ತ ಬಂದವರು. ತೊಗಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹದಮಾಡಿ, ರಂಧ್ರ ಕೊರೆದು, ಬಣ್ಣ ತುಂಬಿ, ಕೀಲುಗಳನ್ನು ಕೂಡಿಸಿ, ಬಿಳಿಯ ಪರದೆಯ ಹಿಂದೆ ದೀಪವಿಟ್ಟು ಅವರು ರಾಮಾಯಣ ಮಹಾಭಾರತಗಳನ್ನು ರಾತ್ರಿಯುದ್ದಕ್ಕೂ ನಡೆಸುತ್ತಿದ್ದರು. ಮಳೆ ತಡೆದ ವರ್ಷ, ದನಕರುಗಳಿಗೆ ಜಾಡ್ಯ ಬಂದ ವರ್ಷ, ಆಟ ಆಡಿಸಿದರೆ ಊರಿಗೆ ಒಳಿತಾಗುವುದೆಂದು ಹಿರಿಯರು ನಂಬಿದ್ದರು. ಆದುದರಿಂದ ದೀಪಕ್ಕೆ ಎಣ್ಣೆ, ಮೇಳಕ್ಕೆ ಕಾಳುಕಡಿ, ಬಟ್ಟೆ, ಒಂದಿಷ್ಟು ಹಣ, ಎಲ್ಲವೂ ಊರಿನ ಒಟ್ಟು ಕಾಣಿಕೆಯಾಗಿ ಸಲ್ಲುತ್ತಿತ್ತು. ಇಂದಿನ ಮಾತಿನಲ್ಲಿ ಹೇಳುವುದಾದರೆ ಬಂಡವಾಳ ಊರಿನದು. ಮುಂದಿನ ಸಾಲಿನಲ್ಲಿ ಕುಳಿತ ಮಗುವಿಗೆ ಯಾರೂ ಏನನ್ನೂ ಮಾರುತ್ತಿರಲಿಲ್ಲ.

ಆ ವ್ಯವಸ್ಥೆ ಮುರಿದಾಗ ಏನಾಯಿತೆಂಬುದಕ್ಕೆ ಗಡಿಯಾಚೆಯ ಧರ್ಮಾವರದ ಬಳಿಯ ನಿಮ್ಮಲಕುಂಟ ಒಂದು ಉದಾಹರಣೆ. ಅಲ್ಲಿಯ ಕಲಾವಿದರ ಕೈಚಳಕ ದೇಶಕ್ಕೆಲ್ಲ ಗೊತ್ತು. ಅಲ್ಲಿನ ದಳವಾಯಿ ಚಲಪತಿರಾಯರಿಗೆ 2020ರಲ್ಲಿ ಪದ್ಮಶ್ರೀ ಬಂದಿತು. ಆದರೆ ಇಂದು ಅಲ್ಲಿಯ ಕುಟುಂಬಗಳಿಗೆ ಅನ್ನ ಕೊಡುತ್ತಿರುವುದು ಬಹುಮಟ್ಟಿಗೆ ಆಟವಲ್ಲ. ತೊಗಲಿನಿಂದ ಮಾಡಿದ ದೀಪದ ಬುರುಡೆಗಳು, ಬಾಗಿಲ ತೋರಣಗಳು, ಗೋಡೆಯ ಅಲಂಕಾರಗಳು. ದೀಪದ ಮುಂದೆ ಕುಣಿಯುತ್ತಿದ್ದ ರಾಮನು ಈಗ ದೀಪವನ್ನು ಸುತ್ತಿಕೊಂಡು ನಿಂತಿದ್ದಾನೆ. ಕಸಬು ಉಳಿಯಿತೆಂದು ಸಂತೋಷಪಡಬೇಕಾದುದೇ. ಆದರೂ ಕಥೆ ಹಿಂದೆ ಸರಿದು ಸರಕು ಮಾತ್ರ ಮುಂದೆ ನಿಂತರೆ ಉಳಿಯುವುದು ಅಲಂಕಾರವೇ ಹೊರತು ಆಖ್ಯಾನವಲ್ಲವೆಂಬ ಪಾಠವೂ ಅದರಲ್ಲಿದೆ. ಇಂದಿನ ಚಿತ್ರಮಾಲಿಕೆಗಳ ವ್ಯಾಪಾರವನ್ನು ಈ ಪಾಠದ ಬೆಳಕಿನಲ್ಲಿ ನೋಡಬೇಕೆಂಬುದೇ ನನ್ನ ಬಿನ್ನಹ.

ಚಿತ್ರವನ್ನು ಚಲಿಸುವಂತೆ ಮಾಡುವುದು ಇಂದಿಗೂ ಬೆವರಿನ ಕೆಲಸವೇ. ಚಲನಚಿತ್ರದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಸರಿದುಹೋಗುತ್ತವೆ. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟುಗಳಿಗೆ ಬಳಸಿಕೊಂಡರೂ ಸೆಕೆಂಡಿಗೆ 12 ಚಿತ್ರಗಳು ಬೇಕು. ಮಕ್ಕಳ ಮಾಲಿಕೆಯ ಒಂದು ಕಂತು ಹನ್ನೊಂದು ನಿಮಿಷದ್ದೆಂದು ಇಟ್ಟುಕೊಂಡರೆ, ಕೈಯಿಂದ ಬರೆಯತಕ್ಕ ಚಿತ್ರಗಳು 7,920. ಅಂಥ 26 ಕಂತುಗಳಿಗೆ ಲೆಕ್ಕ ಎರಡು ಲಕ್ಷವನ್ನು ದಾಟುತ್ತದೆ. ಗಣಕಯಂತ್ರ ಬಂದ ಮೇಲೆ ಪಾತ್ರವನ್ನು ಒಮ್ಮೆ ಕೀಲುಕೀಲಾಗಿ ಕಟ್ಟಿಕೊಂಡು ಮತ್ತೆ ಮತ್ತೆ ಕುಣಿಸಬಹುದಾಗಿದೆ. ನಮ್ಮ ಕಿಳ್ಳೇಕ್ಯಾತರಿಗೆ ತಿಳಿದಿದ್ದ ತತ್ತ್ವವೇ ಅದು. ಆದರೂ ಕಥೆ, ಚಿತ್ರ, ದನಿ, ಸಂಗೀತ, ಸಂಕಲನಗಳಿಗೆ ಹತ್ತಾರು ಜನ ತಿಂಗಳುಗಟ್ಟಲೆ ದುಡಿಯಬೇಕು. ಪ್ರಸಾರ ಮಾಡುವ ವಾಹಿನಿಯು ಕೊಡುವ ಹಣ ಎಷ್ಟೋ ವೇಳೆ ಈ ವೆಚ್ಚಕ್ಕೆ ಸಾಲುವುದಿಲ್ಲ. ಕೊರತೆಯನ್ನು ತುಂಬುವುದು ಪ್ರಾಯೋಜಕರು, ಹೊರಭಾಷೆ ಹೊರದೇಶಗಳ ಮಾರಾಟ, ಮತ್ತು ಪಾತ್ರದ ಚಿತ್ರವನ್ನು ಹೊತ್ತ ಚೀಲ, ಅಂಗಿ, ಬೊಂಬೆ, ಪುಸ್ತಕಗಳ ಮೇಲಿನ ರಾಯಲ್ಟಿ.

ಜಪಾನಿನ ಒಸಾಮು ತೆಜುಕಾ ಎಂಬ ಚಿತ್ರಕಾರನ ‘ಆಸ್ಟ್ರೋ ಬಾಯ್’ ಮಾಲಿಕೆ 1963ರ ಜನವರಿ 1ರಂದು ದೂರದರ್ಶನದಲ್ಲಿ ಆರಂಭವಾಯಿತು. ಆತ ಅದನ್ನು ತಯಾರಿಕೆಯ ವೆಚ್ಚಕ್ಕಿಂತ ಕಡಮೆ ಬೆಲೆಗೆ ವಾಹಿನಿಗೆ ಒಪ್ಪಿಸಿದನು. ಮಾಲಿಕೆಯ ಪ್ರಾಯೋಜಕರು ಒಂದು ಮಿಠಾಯಿ ಕಂಪನಿಯವರು. ಅವರ ಚಾಕಲೇಟಿನೊಡನೆ ಬಂದ ಪಾತ್ರದ ಚೀಟಿಗಳಿಗೆ ಮಕ್ಕಳು ಮುಗಿಬಿದ್ದರು. ನಷ್ಟವನ್ನು ಸರಕು ತುಂಬಿತು. ಆದರೆ ಒಮ್ಮೆ ಕಡಮೆ ಬೆಲೆಗೆ ಕೊಟ್ಟ ಮೇಲೆ ವಾಹಿನಿಗಳಿಗೆ ಅದೇ ಬೆಲೆ ರೂಢಿಯಾಯಿತು. ಜಪಾನಿನ ಚಿತ್ರಕಾರರ ಕೂಲಿಯ ಮೇಲೆ ಅದರ ನೆರಳು ಬಹುಕಾಲ ಬಿದ್ದಿತೆಂದು ಬಲ್ಲವರು ಬರೆದಿದ್ದಾರೆ. ತೆಜುಕಾನ ಮುಶಿ ಪ್ರೊಡಕ್ಷನ್ಸ್ 1973ರಲ್ಲಿ ದಿವಾಳಿಯಾಯಿತು.

ಹಕ್ಕಿನ ವಿಷಯದಲ್ಲಿ ಪಾಠ ಕಲಿತವನು ಅಮೆರಿಕೆಯ ವಾಲ್ಟ್ ಡಿಸ್ನಿ. ‘ಆಸ್ವಾಲ್ಡ್’ ಎಂಬ ಮೊಲವನ್ನು ಸೃಷ್ಟಿಸಿ ಹೆಸರು ಗಳಿಸಿದ ಆತ, ಕರಾರಿನ ಪ್ರಕಾರ ಆ ಮೊಲ ತನ್ನದಲ್ಲ, ಹಂಚಿಕೆದಾರರದು ಎಂಬುದನ್ನು 1928ರಲ್ಲಿ ಎದುರಿಸಬೇಕಾಯಿತು. ಮುಂದೆ ಹುಟ್ಟಿದ ಮಿಕ್ಕಿ ಇಲಿಯ ಹಕ್ಕನ್ನು ಆತ ಯಾರಿಗೂ ಬಿಟ್ಟುಕೊಡಲಿಲ್ಲ. 1932ರಲ್ಲಿ ಕೇ ಕಾಮೆನ್ ಎಂಬ ವ್ಯಾಪಾರನಿಪುಣನನ್ನು ನೇಮಿಸಿಕೊಂಡನು. 1933ರಲ್ಲಿ ಇಂಗರ್ಸೋಲ್ ಕಂಪನಿಯ ಮಿಕ್ಕಿ ಗಡಿಯಾರ ಬಂದಿತು. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಒಂದು ಇಲಿಯ ಚಿತ್ರ ಗಡಿಯಾರದ ಕಾರಖಾನೆಯನ್ನೇ ಎತ್ತಿ ನಿಲ್ಲಿಸಿತು. ಸರಕಿನಿಂದ ಹಣ, ಹಣದಿಂದ ಮತ್ತೊಂದು ಚಿತ್ರ, ಚಿತ್ರದಿಂದ ಮತ್ತೆ ಸರಕು ಎಂಬ ಚಕ್ರ ಅಂದು ತಿರುಗತೊಡಗಿತು.

ಇಲ್ಲಿಯವರೆಗೆ ಕಥೆಯೇ ಮುಂದೆ, ಸರಕು ಅದರ ಹಿಂದೆ. ಈ ಕ್ರಮ ತಲೆಕೆಳಗಾದುದೂ ಅಮೆರಿಕೆಯಲ್ಲಿಯೇ. ಮ್ಯಾಟೆಲ್ ಕಂಪನಿಯ ‘ಹೀ-ಮ್ಯಾನ್’ ಬೊಂಬೆ 1982ರಲ್ಲಿ ಅಂಗಡಿಗೆ ಬಂದಿತು. ಅದರ ಮಾಲಿಕೆ ಪರದೆಗೆ ಬಂದುದು 1983ರಲ್ಲಿ. ಬೊಂಬೆಯನ್ನು ಮಾರುವುದಕ್ಕಾಗಿ ಕಥೆಯನ್ನು ಹೆಣೆಯಲಾಯಿತು. 1984ರಲ್ಲಿ ಅಲ್ಲಿಯ ಪ್ರಸಾರ ಆಯೋಗ ನಿರ್ಬಂಧಗಳನ್ನು ಸಡಿಲಿಸಿದುದರಿಂದ ಇಂಥ ಮಾಲಿಕೆಗಳ ಹೊಳೆಯೇ ಹರಿಯಿತು. ಅರ್ಧ ಗಂಟೆಯ ಕಥೆಯೇ ಅರ್ಧ ಗಂಟೆಯ ಜಾಹೀರಾತಾಯಿತು. ತಂದೆತಾಯಿಯರ, ಶಿಕ್ಷಕರ ಕೂಗಿನ ಫಲವಾಗಿ 1990ರಲ್ಲಿ ಮಕ್ಕಳ ದೂರದರ್ಶನ ಕಾಯಿದೆ ಬಂದು ಜಾಹೀರಾತಿನ ಹೊತ್ತಿಗೆ ಮಿತಿ ಕಟ್ಟಲಾಯಿತು. ಆದರೆ ಅದೇ ದೇಶದಲ್ಲಿ 1969ರಲ್ಲಿ ಹುಟ್ಟಿದ ‘ಸೆಸಮಿ ಸ್ಟ್ರೀಟ್’ ಬೇರೊಂದು ದಾರಿಯನ್ನು ತೋರಿಸಿತ್ತು. ಅದನ್ನು ನಡೆಸಿದುದು ಲಾಭಕ್ಕಾಗಿ ನಿಂತ ಸಂಸ್ಥೆಯಲ್ಲ. ಮೊದಲ ಬಂಡವಾಳ ಸರಕಾರದಿಂದ, ಧರ್ಮನಿಧಿಗಳಿಂದ ಬಂದಿತು; ಬೊಂಬೆ ಪುಸ್ತಕಗಳಿಂದ ಬಂದ ಹಣ ಮರಳಿ ಪಾಠದ ತಯಾರಿಕೆಗೇ ಸೇರಿತು. ದೋಷ ಬೊಂಬೆಯಲ್ಲಿಲ್ಲ, ಬೊಂಬೆ ನಿಂತ ಸ್ಥಾನದಲ್ಲಿದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನಮ್ಮ ದೇಶದಲ್ಲಿ ಈ ವಿದ್ಯೆಯನ್ನು ಚೆನ್ನಾಗಿ ಅರಿತು ಗೆದ್ದುದು ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆ. ರಾಜೀವ್ ಚಿಲಕ ಅವರ ‘ಛೋಟಾ ಭೀಮ್’ 2008ರಲ್ಲಿ ಪೋಗೊ ವಾಹಿನಿಯಲ್ಲಿ ಆರಂಭವಾಗಿ, ಬುತ್ತಿಯ ಡಬ್ಬಿಯಿಂದ ಹಿಡಿದು ಅಂಗಿಯವರೆಗೆ ಎಲ್ಲದರ ಮೇಲೂ ಏರಿತು. ಸಂಸ್ಥೆ ತನ್ನದೇ ಅಂಗಡಿಗಳನ್ನೂ ತೆರೆಯಿತು. ಹೊರದೇಶದ ಮಾಲಿಕೆಗಳೇ ತುಂಬಿದ್ದ ಪರದೆಯ ಮೇಲೆ ಧೋತಿಯುಟ್ಟ ಹುಡುಗನೊಬ್ಬನನ್ನು ನಿಲ್ಲಿಸಿದುದಕ್ಕಾಗಿ ಅವರನ್ನು ಅಭಿನಂದಿಸಬೇಕು. ಕನ್ನಡದ ಪಾಲಿಗೆ 2009ರಲ್ಲಿ ಸನ್ ಸಮೂಹದ ‘ಚಿಂಟು ಟಿವಿ’ ಬಂದಿತು. ಕಾರ್ಟೂನುಗಳು ಕನ್ನಡವಾಡಿದುವು, ಮಕ್ಕಳಿಗೆ ಅದರಿಂದ ಉಪಕಾರವೇ ಆಯಿತು. ಆದರೆ ಅವುಗಳಲ್ಲಿ ಬಹುಪಾಲಿನ ದನಿ ಮಾತ್ರ ಕನ್ನಡ. ಕಥೆ, ಮುಖ, ಮನೆ, ಮರ, ಊಟ ಎಲ್ಲ ಬೇರೆ ಕಡೆಯವು.

ನಮ್ಮ ಕಡೆಯ ಸಂತೆ ಜಾತ್ರೆಗಳಲ್ಲಿ ನೋಡಿ. ಶಾಲೆಯ ಚೀಲ, ನೀರಿನ ಬಾಟಲಿ, ಬಲೂನುಗಳ ಮೇಲೆಲ್ಲ ಈ ಪಾತ್ರಗಳು ರಾರಾಜಿಸುತ್ತವೆ. ಎಷ್ಟೋ ಸರಕುಗಳಲ್ಲಿ ಬಣ್ಣ ತಪ್ಪಿದೆ, ಮೂಗು ಸೊಟ್ಟಗಿದೆ. ಪರವಾನಗಿಯಿಲ್ಲದ ನಕಲೆಂಬುದನ್ನು ಅವೇ ಹೇಳುತ್ತವೆ. ಅಂಥ ಚೀಲಕ್ಕೆ ಶೇಂಗಾ ಮಾರಿದ ಹಣದಲ್ಲಿ ರೈತನು ಕೊಟ್ಟ ಬೆಲೆಯಲ್ಲಿ ಚಿತ್ರ ಬರೆದವನಿಗೆ ಒಂದು ಕಾಸೂ ಹೋಗದು. ಹೊಸ ಕಥೆಯೊಂದಕ್ಕೆ ಬೀಜವೂ ಆಗದು. ದೇವಸಮುದ್ರದ ಮಗು ಹಣ ಕೊಡುತ್ತಿಲ್ಲವೆಂದಲ್ಲ. ಕೇಬಲ್ಲಿಗೆ, ಫೋನಿನ ಡೇಟಾಕ್ಕೆ, ಜಾಹೀರಾತು ಮೆತ್ತಿದ ತಿಂಡಿಯ ಪೊಟ್ಟಣಕ್ಕೆ ಅದರ ಮನೆ ತೆರುತ್ತಲೇ ಇದೆ. ಆ ಹಣದ ತೊರೆ ನಮ್ಮ ಹೊಲವನ್ನು ಹಾದುಹೋಗುತ್ತದೆ, ಆದರೆ ಅದರಿಂದ ನಮ್ಮ ಹೊಲಕ್ಕೆ ಕಾಲುವೆ ತೆಗೆದಿಲ್ಲ.

ಕನ್ನಡದ ಮಾರುಕಟ್ಟೆ ಚಿಕ್ಕದು, ಆದುದರಿಂದ ಸ್ವಂತ ಮಾಲಿಕೆ ಕಟ್ಟುಬೀಳುವುದಿಲ್ಲ ಎಂಬ ಮಾತನ್ನು ಬಲ್ಲವರೂ ಹೇಳುತ್ತಾರೆ. 2011ರ ಜನಗಣತಿಯಂತೆ ಕನ್ನಡ ತಾಯ್ನುಡಿಯವರು ಸುಮಾರು 4 ಕೋಟಿ 37 ಲಕ್ಷ. ಚೆಕ್ ನುಡಿಯಾಡುವವರು ಸುಮಾರು ಒಂದು ಕೋಟಿ. ಆ ಚಿಕ್ಕ ಜನಾಂಗದ ಜ್ದೆನೆಕ್ ಮಿಲೆರ್ ಎಂಬ ಚಿತ್ರಕಾರನು 1957ರಲ್ಲಿ ‘ಕ್ರ್ತೆಕ್’ ಎಂಬ ನೆಲಗೋರುವ ಪುಟ್ಟ ಪ್ರಾಣಿಯೊಂದನ್ನು ಪರದೆಗೆ ತಂದನು. ಜೇಬುಳ್ಳ ಚಡ್ಡಿ ಬೇಕೆಂದು ಆಸೆಪಟ್ಟ ಆ ಪ್ರಾಣಿಗೆ ಅಗಸೆಯ ಗಿಡದಿಂದ ನಾರು, ನಾರಿನಿಂದ ನೂಲು, ನೂಲಿನಿಂದ ಬಟ್ಟೆ, ಬಟ್ಟೆಯಿಂದ ಚಡ್ಡಿ ಆಗುವುದೇ ಮೊದಲ ಕಥೆ. ಬಂಡವಾಳ ಹಾಕಿದುದು ಸರಕಾರದ ಚಿತ್ರಶಾಲೆ. ಆ ಪ್ರಾಣಿ ಮುಂದೆ ದೇಶದೇಶಗಳನ್ನು ಸುತ್ತಿತು. ಅದರ ಬೊಂಬೆಗಳೂ ಪುಸ್ತಕಗಳೂ ಹಿಂಬಾಲಿಸಿದುವು. ರೇಷ್ಮೆಗೂಡಿನಿಂದ ಹಿಡಿದು ಸೆರಗಿನ ಚಿತ್ತಾರದವರೆಗೆ ಸೀರೆ ಹುಟ್ಟುವುದನ್ನು ಕಣ್ಣೆದುರೇ ಕಾಣುವ ಮೊಳಕಾಲ್ಮೂರಿನ ಮಗುವಿಗೆ ಅಂಥ ಕಥೆಯೊಂದು ಏಕಿಲ್ಲ? ಮೊಳಕಾಲ್ಮೂರು ಸೀರೆಗೆ 2011ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಮಗ್ಗದ ಮೇಲೊಂದು ಮಕ್ಕಳ ಕಥೆ ಪರದೆಗೆ ಬಂದುದನ್ನು ಮಾತ್ರ ನಾನು ಕಂಡಿಲ್ಲ.

ಕೈಯ ಕಸಬು ನಮ್ಮಲ್ಲಿಲ್ಲವೆ? ಧಾರಾಳವಾಗಿದೆ. ಹೊರದೇಶದ ಮಾಲಿಕೆಗಳಿಗೆ ಚಿತ್ರ ಕುಣಿಸುವ ಕೆಲಸ ವರ್ಷಗಳಿಂದ ಬೆಂಗಳೂರಿನಲ್ಲಿ ನಡೆದಿದೆ. ಆದರೆ ಅದು ಕೂಲಿಯ ಕೆಲಸ. ಬರೆದವರಿಗೆ ಸಂಬಳ, ಹಕ್ಕು ಬೇರೆಯವರಿಗೆ. 2025ರ ಆರಂಭದಲ್ಲಿ ಟೆಕ್ನಿಕಲರ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಕುಸಿದಾಗ ಬೆಂಗಳೂರಿನ ಅದರ ಕೆಲಸಗಾರರು ಏಕಾಏಕಿ ಬೀದಿಗೆ ಬಿದ್ದರು. ವರ್ಷಗಟ್ಟಲೆ ಬರೆದ ಪಾತ್ರಗಳಲ್ಲಿ ಒಂದಾದರೂ ಅವರದಾಗಿದ್ದರೆ ಕಷ್ಟಕಾಲದಲ್ಲಿ ಅದು ಕೈಹಿಡಿಯುತ್ತಿತ್ತು. ಇನ್ನೊಂದು ದೃಷ್ಟಾಂತ ಸಂತೋಷದ್ದು. ಬೆಂಗಳೂರಿನ ವಿ. ರವಿಶಂಕರರು ಜನರಿಂದಲೇ ಹಣ ಕೂಡಿಸಿ, ಊರೂರಿನ ಕಲಾವಿದರನ್ನು ಜೊತೆಗೂಡಿಸಿ, ‘ಪುಣ್ಯಕೋಟಿ’ ಎಂಬ ಚಿತ್ರವನ್ನು ನಿರ್ಮಿಸಿದರು. 2020ರಲ್ಲಿ ಅದು ನೆಟ್‌ಫ್ಲಿಕ್ಸಿನಲ್ಲಿ ಬೆಳಕು ಕಂಡಿತು. ಕಥೆ ನಮ್ಮ ಗೋವಿನ ಹಾಡಿನದು. ಚಿತ್ರದ ಭಾಷೆ ಸಂಸ್ಕೃತ. ಆ ಆಯ್ಕೆಯನ್ನು ನಾನು ದೂಷಿಸುವುದಿಲ್ಲ. ಅವರ ಸಾಹಸಕ್ಕೆ ತಲೆಬಾಗುತ್ತೇನೆ. ಆದರೆ ಕನ್ನಡ ಮಕ್ಕಳೆಲ್ಲರ ಬಾಯಲ್ಲಿರುವ ಈ ಹಸುವಿನ ಕಥೆಗೆ ಕನ್ನಡದಲ್ಲಿಯೇ ಮಾತನಾಡಿಸುವ ಬಂಡವಾಳವನ್ನು ನಾವೇಕೆ ಮುಂದಾಗಿ ನೀಡಲಿಲ್ಲವೆಂದು ನಮ್ಮನ್ನೇ ಕೇಳಿಕೊಳ್ಳಬೇಡವೆ?

ಚಿತ್ರಕ್ಕೆ ಭಾಷೆಯಿಲ್ಲ, ಕಥೆಗೆ ಇದೆ. ಬೆಂಗಳೂರಿನ ಇನ್ಫೋಬೆಲ್ಸ್ ಸಂಸ್ಥೆ ಶಿಶುಗೀತೆಗಳನ್ನು ಕನ್ನಡ, ತೆಲುಗು, ತಮಿಳು, ಹಿಂದಿಗಳಲ್ಲಿ ಯೂಟ್ಯೂಬಿನ ಮೂಲಕ ಮನೆಮನೆಗೆ ಮುಟ್ಟಿಸಿದೆ. ಒಂದೇ ಚಿತ್ರ ಹಲವು ನುಡಿಗಳಲ್ಲಿ ದುಡಿದರೆ ವೆಚ್ಚ ಹಂಚಿಹೋಗುತ್ತದೆ. ಹಾಗಾದರೆ ಮೊದಲು ಕನ್ನಡದಲ್ಲಿ ಹುಟ್ಟಿ ಅನಂತರ ತೆಲುಗಿಗೆ, ತಮಿಳಿಗೆ, ಹಿಂದಿಗೆ ಹೋಗುವ ಮಾಲಿಕೆ ಅಸಾಧ್ಯವೇನೂ ಅಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುತ್ತ ಬೆಳೆಯುವ ನಮ್ಮ ಗಡಿಯ ಮಕ್ಕಳೇ ಅದಕ್ಕೆ ಸಾಕ್ಷಿ. ಆದರೆ ಯೂಟ್ಯೂಬೊಂದನ್ನೇ ನಂಬಿ ಕೂರುವಂತಿಲ್ಲ. ಮಕ್ಕಳ ವಿವರಗಳನ್ನು ಸಂಗ್ರಹಿಸಿದುದಕ್ಕಾಗಿ 2019ರಲ್ಲಿ ಅಮೆರಿಕೆಯಲ್ಲಿ ಗೂಗಲ್ ಹಾಗೂ ಯೂಟ್ಯೂಬಿಗೆ 17 ಕೋಟಿ ಡಾಲರಿನ ದಂಡ ಬಿದ್ದ ಮೇಲೆ, 2020ರ ಜನವರಿಯಿಂದ ಮಕ್ಕಳ ಚಿತ್ರಗಳ ಮೇಲೆ ನೋಡುವವರನ್ನು ಗುರುತಿಟ್ಟು ಹಾಕುವ ಜಾಹೀರಾತು ನಿಂತಿತು. ಅದು ಆಗಬೇಕಾದುದೇ. ಆದರೆ ಜಾಹೀರಾತೊಂದರಿಂದಲೇ ಬದುಕುವವರ ಆದಾಯ ಎಷ್ಟು ತೆಳುವಾದ ದಾರದಿಂದ ತೂಗುತ್ತಿದೆಯೆಂಬುದೂ ಅದರಿಂದ ತಿಳಿಯಿತು.

ಹೀಗಿರುವಲ್ಲಿ ಮೊದಲ ಬಂಡವಾಳ ಸಾರ್ವಜನಿಕವಾಗಿ ಬರಬೇಕು. ಚಿತ್ರಚಲನೆಯ ಉದ್ಯಮಕ್ಕಾಗಿ ಕರ್ನಾಟಕ ಸರಕಾರ 2012ರಲ್ಲಿಯೇ ಪ್ರತ್ಯೇಕ ನೀತಿಯನ್ನು ಹೊರಡಿಸಿತು. ದೇಶದಲ್ಲಿ ಅದೇ ಮೊದಲನೆಯದು. 2017ರಲ್ಲಿ ಎರಡನೆಯದು, 2024ರಲ್ಲಿ ಮೂರನೆಯದು ಬಂದಿವೆ. ಉದ್ಯೋಗ, ತರಬೇತಿ, ರಫ್ತುಗಳಿಗೆ ಅವು ಮಹತ್ವ ಕೊಟ್ಟಿವೆ, ಕೊಡಲಿ. ನನ್ನ ಸೂಚನೆ ಇಷ್ಟೆ: ಆ ನಿಧಿಯ ಒಂದು ನಿಶ್ಚಿತ ಭಾಗ ಕನ್ನಡದಲ್ಲಿಯೇ ಬರೆದ, ಕನ್ನಡ ನಾಡಿನ ಕಥೆಯುಳ್ಳ ಮಕ್ಕಳ ಮಾಲಿಕೆಗೆ ಮೀಸಲಾಗಲಿ. ವರ್ಷಕ್ಕೆ ಒಂದೇ ಮಾಲಿಕೆ, 26 ಕಂತು ಸಾಕು. ಕಥೆಯನ್ನು ಬಹಿರಂಗವಾಗಿ ಆಹ್ವಾನಿಸಲಿ. ಆಯ್ಕೆಯಲ್ಲಿ ಶಿಕ್ಷಕರೂ ಮಕ್ಕಳೂ ಇರಲಿ. ಸಿದ್ಧವಾದುದು ಶಾಲೆ, ಅಂಗನವಾಡಿ, ಗ್ರಂಥಾಲಯಗಳಿಗೆ ಉಚಿತವಾಗಿ ದೊರೆಯಲಿ. ಸರಕಾರದ ಹಣ ಕಲೆಯನ್ನು ನಿರ್ಜೀವಗೊಳಿಸುತ್ತದೆಂಬ ಶಂಕೆ ನ್ಯಾಯವಾದುದೇ. ಉಪದೇಶದ ಉಪ್ಪು ಹೆಚ್ಚಾದ ಕಥೆಯನ್ನು ಮಗು ಮೊದಲ ತುತ್ತಿಗೇ ಉಗುಳುತ್ತದೆ. ಆದರೆ ಹಣ ಕೊಟ್ಟವರು ಕಥೆಯ ಕೈಹಿಡಿದು ಬರೆಸಬಾರದೆಂಬ ನಿಯಮವನ್ನು ಕರಾರಿನಲ್ಲಿಯೇ ಬರೆಯಬಹುದು. ಬೊಂಬೆಯಾಟಕ್ಕೆ ಎಣ್ಣೆ ಕೊಟ್ಟ ಊರು, ಕಿಳ್ಳೇಕ್ಯಾತನು ಏನು ನುಡಿಯಬೇಕೆಂದು ಹೇಳಿಕೊಡುತ್ತಿರಲಿಲ್ಲ. ಅವನು ಊರ ಗೌಡನನ್ನೇ ಹಾಸ್ಯಮಾಡುತ್ತಿದ್ದನು.

ಎರಡನೆಯ ಮಾತು ಹಕ್ಕಿನದು. ಚಳ್ಳಕೆರೆ ಮೊಳಕಾಲ್ಮೂರುಗಳ ಹಟ್ಟಿಗಳಲ್ಲಿ ಜುಂಜಪ್ಪನ ಕಾವ್ಯವಿದೆ, ಗಾದರಿ ಪಾಲನಾಯಕನ ಕಥೆಯಿದೆ, ದೇವರೆತ್ತುಗಳ ಐತಿಹ್ಯಗಳಿವೆ. ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿಯಂಥವರು ಸಾವಿರಾರು ಹಾಡುಗಳನ್ನು ಎದೆಯಲ್ಲಿ ಹೊತ್ತು ಬಾಳಿದರು. ಇವೆಲ್ಲ ನಾಳೆ ಚಿತ್ರವಾದರೆ, ಒಬ್ಬ ಕರ್ತೃವಿನ ಹೆಸರಿಲ್ಲದ ಈ ಪರಂಪರೆಗೆ ನಮ್ಮ ಕೃತಿಸ್ವಾಮ್ಯದ ಕಾಯಿದೆಯಲ್ಲಿ ಒಡೆತನವಿಲ್ಲ. ಯಾರು ಬೇಕಾದರೂ ಕೊಂಡೊಯ್ಯಬಹುದು. ಆ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿಯು ಚಿತ್ರಕ್ಕೆ ಬರೆದವರಿಗೂ ಸಂಗೀತ ಕೊಟ್ಟವರಿಗೂ ರಾಯಲ್ಟಿಯ ಪಾಲನ್ನು ಕಾದಿರಿಸಿತು. ಪಾತ್ರದ ರೂಪವನ್ನು ಬರೆದ ಚಿತ್ರಕಾರನ ಹೆಸರು ಅಲ್ಲಿ ಬರಲಿಲ್ಲ. ಅದುದರಿಂದ ಸಾರ್ವಜನಿಕ ಹಣ ಪಡೆದ ಮಾಲಿಕೆಯ ಕರಾರಿನಲ್ಲಿ ಬರೆದವರಿಗೆ, ಚಿತ್ರಿಸಿದವರಿಗೆ, ಕಥೆಯನ್ನು ಕಾಪಾಡಿದ ಹಟ್ಟಿಗೆ, ಮೂವರಿಗೂ ಸರಕಿನ ಆದಾಯದಲ್ಲಿ ಪಾಲಿರಬೇಕು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಹೆಸರಿನಲ್ಲಿ ಈ ಸೀಮೆಯಲ್ಲೆಲ್ಲ ಪ್ರಚಲಿತವಾದ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ನುಡಿಗಿಂತ ಒಳ್ಳೆಯ ಕರಾರಿನ ಸೂತ್ರ ನನಗೆ ತಿಳಿಯದು.

ಮೂರನೆಯದು ಸರಕು. ಸರಕೇ ಬೇಡವೆನ್ನುವ ಮಡಿವಂತಿಕೆ ನನ್ನದಲ್ಲ. ತಾನು ಮೆಚ್ಚಿದ ಪಾತ್ರವನ್ನು ಮಗು ಕೈಯಲ್ಲಿ ಹಿಡಿಯಬೇಕೆಂಬುದು ಸಹಜವಾದ ಆಸೆ. ಆ ಬೊಂಬೆ ಚನ್ನಪಟ್ಟಣದಲ್ಲಿ ಹಾಲೆಮರದಿಂದ ಕಡೆದು ಅರಗಿನ ಬಣ್ಣ ಹಚ್ಚಿದುದಾಗಲಿ, ಕೊಪ್ಪಳದ ಕಿನ್ನಾಳದಲ್ಲಿ ಕೆತ್ತಿದುದಾಗಲಿ. ಪಾತ್ರವನ್ನು ರೂಪಿಸುವಾಗಲೇ ಕಡೆಯುವವನ ಕೈಗೆ ಒಗ್ಗುವ ಗುಂಡು ಮೈಯನ್ನು ಚಿತ್ರಕಾರನು ಕೊಟ್ಟರೆ ಅರ್ಧ ಕೆಲಸ ಮುಗಿಯಿತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಗುಣಮಟ್ಟದ ಮುದ್ರೆ ಕಡ್ಡಾಯವಾದಾಗ ನೋಂದಾಯಿತ ಕರಕುಶಲಿಗಳಿಗೆ ವಿನಾಯಿತಿ ದೊರೆತಿದೆ. ಆ ಬಾಗಿಲು ತೆರೆದೇ ಇದೆ. ಎಲ್ಲಕ್ಕಿಂತ ಮೊದಲ ಸರಕು ಪುಸ್ತಕವಾಗಲಿ. ಮಗುವನ್ನು ನೇರವಾಗಿ ಕೊಳ್ಳೆಂದು ಪ್ರೇರೇಪಿಸುವ, ತಂದೆತಾಯಿಯರನ್ನು ಕಾಡಿ ಕೊಳ್ಳಿಸೆನ್ನುವ ಜಾಹೀರಾತುಗಳನ್ನು ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿ ತಡೆದಿದೆ. ಆ ಮೇರೆಯೊಳಗೆ ನಿಂತು ಮಾರುವ ಸರಕಿನಿಂದ ಬಂದ ಹಣ ಮುಂದಿನ ಮಾಲಿಕೆಗೆ ಬಿತ್ತನೆಯಾಗಲಿ.

ಇಷ್ಟಕ್ಕೂ ಇದು ವ್ಯಾಪಾರಿಗಳೂ ಅಧಿಕಾರಿಗಳೂ ಮಾತ್ರ ಯೋಚಿಸತಕ್ಕ ವಿಷಯವಲ್ಲ. ನಾವು ಸಾಹಿತಿಗಳು ಮಕ್ಕಳ ಸಾಹಿತ್ಯವೆಂದರೆ ಪುಸ್ತಕವೆಂದೂ ಪರದೆಯೆಂದರೆ ಕೀಳೆಂದೂ ಎಣಿಸಿ ಕುಳಿತಿರುವಾಗ, ಬರೆಯುವ ಜಾಗವನ್ನು ಮಾರುವವರು ತುಂಬಿದರು. ಕನ್ನಡ ಚೆನ್ನಾಗಿ ಬಲ್ಲ ಕವಿ ಕಥೆಗಾರರು ಚಿತ್ರಮಾಲಿಕೆಗೆ ಸಂಭಾಷಣೆ ಬರೆಯಲು ಮುಂದೆ ಬರಬೇಕು. ಕಾಲೇಜುಗಳು ಅದನ್ನು ಕಲಿಸಬೇಕು. ಓದುಗ ಮಹನೀಯರು ಅಂಥ ಮಾಲಿಕೆ ಬಂದಾಗ ನಕಲಿಯನ್ನು ಬಿಟ್ಟು ಅಸಲಿಯನ್ನು ಕೊಳ್ಳಬೇಕು. ಮಳೆಗಾಗಿ ಬೊಂಬೆಯಾಟಕ್ಕೆ ಎಣ್ಣೆ ಎರೆದ ಜನ ನಾವು. ಮಕ್ಕಳ ಕಥೆಗಾಗಿ ಮತ್ತೊಮ್ಮೆ ಎಣ್ಣೆ ಎರೆಯುವುದು ನಮಗೆ ಭಾರವಾಗಲಾರದು.